ಹನ್ನೆರಡಕ್ಕೆ ಹನ್ನೆರಡೂ ಗೊತ್ತುಂಟು

ನಾನು ಕೃಷಿ ಮಾಸ್ಟ್ರಾದದ್ದು ಕಾಲಿಗೆ ಮೆತ್ತಿದ ಕೆಸರಿನ ದೆಸೆಯಿಂದ. ವಿನಯಕ್ಕಾಗಿ ಹೇಳುವ ಮಾತಲ್ಲ ಇದು, ನಡೆದದ್ದೇ ಹಾಗೆ. ಆಗ ನಮ್ಮ ಕಾಸರಗೋಡು ತಾಲೂಕು ಮದ್ರಾಸಿಗೆ ಸೇರಿತ್ತು. ಮಕ್ಕಳಿಗೆ ಓದು ಬರಹದ ಜೊತೆಗೆ ಒಂದು ಕೈಕೆಲಸವನ್ನೂ ಕಲಿಸಬೇಕು, ನೂಲುವುದಾದರೂ ಆದೀತು, ಬೇಸಾಯವಾದರೂ ಆದೀತು ಎಂದು ಮೇಲಿನಿಂದ ಕಾಗದ ಬಂದಿತ್ತು. ಮಳೆಗಾಲದ ಒಂದು ಬೆಳಗ್ಗೆ ಹೆಡ್‌ಮಾಸ್ಟ್ರು ಎಲ್ಲ ಅಧ್ಯಾಪಕರನ್ನು ಕೂರಿಸಿಕೊಂಡು ಯಾರಿಗೆ ಯಾವುದು ಎಂದು ಹಂಚಲು ಹೊರಟಿದ್ದರು. ಹೊತ್ತು ಮೀರಿತೆಂಬ ಗಾಬರಿಯಲ್ಲಿ ನಾನು ಗದ್ದೆಯ ಬದುವಿನ ಮೇಲೆ ಓಡಿ, ಜಾರಿ, ಮೊಣಕಾಲಿನವರೆಗೆ ಕೆಸರಾಗಿ ಬಂದು ಬಾಗಿಲಲ್ಲಿ ನಿಂತೆ. ಹೆಡ್‌ಮಾಸ್ಟ್ರು ಕನ್ನಡಕದ ಮೇಲಿನಿಂದ ಮೊದಲು ನನ್ನ ಕಾಲನ್ನು ನೋಡಿದರು, ಆಮೇಲೆ ಮುಖವನ್ನು.

“ಕೃಷಿ ನಿಮಗೆ ಮಾಸ್ಟ್ರೆ.”

“ಸಾರ್, ನಾನು ಗದ್ದೆಗೆ ಇಳಿದದ್ದಲ್ಲ, ಬಿದ್ದದ್ದು.”

“ಇಳಿದದ್ದೋ ಬಿದ್ದದ್ದೋ, ಗದ್ದೆ ಮುಟ್ಟಿದ ಕಾಲು ಈ ಕೋಣೆಯಲ್ಲಿ ಅದೊಂದೇ ಉಂಟು. ತೊಳೆದುಕೊಂಡು ಬಂದು ಕೂತುಕೊಳ್ಳಿ.”

ನನ್ನ ಅಪ್ಪ ಕಾಸರಗೋಡು ಪೇಟೆಯಲ್ಲಿ ಒಬ್ಬ ವಕೀಲರ ಗುಮಾಸ್ತರಾಗಿದ್ದರು. ನಮ್ಮ ಮನೆಯಲ್ಲಿ ಭೂಮಿ ಎಂದರೆ ಸರ್ವೆ ನಂಬ್ರ, ಗಡಿ, ತಕರಾರು. ಗದ್ದೆಯಲ್ಲಿ ಮುಖ್ಯವಾಗಿ ಬೆಳೆಯುವುದು ಅಣ್ಣ ತಮ್ಮಂದಿರ ಜಗಳ ಎಂದೇ ನಾನು ಬಹಳ ವರ್ಷ ತಿಳಿದಿದ್ದೆ. ಅಂಥವನು ಮಕ್ಕಳನ್ನು ಕರೆದುಕೊಂಡು ಶಾಲೆಯ ಹಿಂದಿನ ಹಿತ್ತಲಿಗೆ ಹೋಗಿ ನಿಂತಾಗ ದೇವರೇ ಒಂದು ಉಪಾಯ ಹೊಳೆಯಿಸಿದ. ಮಕ್ಕಳು ಬಹುಪಾಲು ಬೇಸಾಯಗಾರರ ಮಕ್ಕಳು. ನಾನು ಕೈ ಹಿಂದೆ ಕಟ್ಟಿಕೊಂಡು, ಪರೀಕ್ಷೆ ಮಾಡುವವನ ಠೀವಿಯಲ್ಲಿ, “ಹೇಳಿ ನೋಡುವಾ, ಬಸಳೆಗೆ ಈಗ ಎಂತ ಮಾಡಬೇಕು?” ಎಂದು ಕೇಳುತ್ತಿದ್ದೆ. “ಬುಡಕ್ಕೆ ಸುಡುಮಣ್ಣು ಹಾಕಬೇಕು ಸಾರ್” ಎನ್ನುತ್ತಿದ್ದರು. “ಸರಿ, ಹಾಗಾದರೆ ಹಾಕಿ” ಎನ್ನುತ್ತಿದ್ದೆ. ಹೀಗೆ ಎರಡು ವರ್ಷ ಬಸಳೆಯೂ ಹರಿವೆಯೂ ಬೆಳೆದವು. ಒಳ್ಳೆಯ ಕೃಷಿ ಮಾಸ್ಟ್ರು ಎಂಬ ಹೆಸರೂ ಬಂತು. ಹೆಸರು ಬಂದ ಹಾಗೆಲ್ಲ ನನಗೆ ಹೆದರಿಕೆ ಹೆಚ್ಚಾಯಿತು. ನಾನು ಹುಟ್ಟಿನಿಂದಲೇ ಅಂಥವನು. ಮಳೆ ಬಂದರೆ ಬಂತಲ್ಲ ಎಂದು, ಬಾರದಿದ್ದರೆ ಬರಲಿಲ್ಲವಲ್ಲ ಎಂದು ಚಿಂತೆ ಹಚ್ಚಿಕೊಳ್ಳುವವನು. ಈಗ ತಲೆ ನರೆತ ಮೇಲೂ ಅದು ಬಿಟ್ಟಿಲ್ಲ.

ಹೆದರಿಕೆಗೆ ಕಾರಣವೂ ಇತ್ತೆನ್ನಿ. ನನ್ನ ಕೆಲಸ ತಾತ್ಕಾಲಿಕದ್ದು. ಪ್ರತಿ ಬೇಸಗೆಯ ರಜೆಯಲ್ಲಿ ಅದು ಸತ್ತು, ಶಾಲೆ ತೆರೆಯುವಾಗ ಮತ್ತೆ ಹುಟ್ಟಬೇಕು. ಮನೆಯಲ್ಲಿ ಎರಡು ಚಿಕ್ಕ ಮಕ್ಕಳು. ಶಾಲೆಯಲ್ಲಿ ಖಾಯಂ ಆಗುವ ಜಾಗ ಒಂದೇ ಒಂದು ಖಾಲಿ ಇತ್ತು, ಅದು ಕೃಷಿ ಮಾಸ್ಟ್ರದ್ದು.

ಇಷ್ಟರಲ್ಲಿ ಇಲಾಖೆಯಿಂದ ಒಂದು ಕಟ್ಟು ಫಾರಂ ಬಂತು. ನಮ್ಮದೂ ಸೇರಿ ಸುತ್ತಲಿನ ಏಳು ಶಾಲೆಗಳ ಕೃಷಿ ಮಾಸ್ಟ್ರುಗಳಿಗೆ ಯಾವ ಯಾವ ವಿಷಯದಲ್ಲಿ ತರಬೇತು ಬೇಕು ಎಂದು ತಿಳಿಯಲಿಕ್ಕೆ ಅಚ್ಚು ಹಾಕಿಸಿದ್ದು. ಬಿತ್ತನೆಯ ಬೀಜ, ಗೊಬ್ಬರದ ಗುಂಡಿ, ಕೀಟ, ಕಸಿ, ಜೇನು, ಕೋಳಿ ಎಂದು ಒಟ್ಟು ಹನ್ನೆರಡು ವಿಷಯ. ಒಂದೊಂದರ ಎದುರಿಗೂ ಮೂರು ಮನೆ. ‘ಚೆನ್ನಾಗಿ ಗೊತ್ತಿದೆ’, ‘ಸ್ವಲ್ಪ ಗೊತ್ತಿದೆ’, ‘ಗೊತ್ತಿಲ್ಲ, ತರಬೇತು ಬೇಕು’. ಸರಿಯಾದ ಮನೆಯಲ್ಲಿ ಒಂದು ಗೀಟು ಹಾಕಿದರೆ ಆಯಿತು. ಫಾರಂಗಳನ್ನು ಹಂಚಿ, ತುಂಬಿಸಿ, ಒಟ್ಟುಮಾಡಿ ಕಳುಹಿಸುವ ಕೆಲಸವನ್ನು ಹೆಡ್‌ಮಾಸ್ಟ್ರು ನನ್ನ ತಲೆಗೇ ಕಟ್ಟಿದರು.

“ಮತ್ತೆ ಒಂದು ವಿಷಯ ನೆನಪಿರಲಿ,” ಎಂದರು. “ನಿಮ್ಮ ಖಾಯಂ ಕಾಗದ ಇನ್ಸ್‌ಪೆಕ್ಟರರ ಮೇಜಿನ ಮೇಲೆ ಉಂಟು. ಈ ಫಾರಂ ನೋಡದೆ ಅವರು ಅದಕ್ಕೆ ಸಹಿ ಹಾಕುವವರಲ್ಲ.”

ಆ ಮಾತು ಕೇಳಿದ ಮೇಲೆ ‘ಗೊತ್ತಿಲ್ಲ’ ಎಂಬ ಮನೆಯ ಹತ್ತಿರ ನನ್ನ ಪೆನ್ನು ಹೇಗೆ ಹೋದೀತು? ಮನೆಗೆ ಬಂದು ಚಾಪೆಯ ಮೇಲೆ ಕೂತು ಮೊದಲನೆಯ ಮನೆಯಲ್ಲಿ ಮೇಲಿನಿಂದ ಕೆಳಗೆ ಹನ್ನೆರಡು ಗೀಟು ಎಳೆದೆ. ನನ್ನ ಹೆಂಡತಿ ಹೊಸಂಗಡಿಯ ಆಚೆಗಿನ ಬೇಸಾಯದ ಮನೆಯವಳು. ಅಕ್ಕಿ ಆರಿಸುತ್ತಾ ಹಿಂದಿನಿಂದ ಇಣುಕಿದಳು.

“ಎಂತ ಇದು, ಹನ್ನೆರಡಕ್ಕೆ ಹನ್ನೆರಡೂ ಗೊತ್ತುಂಟಾ?”

“ಸುಮ್ಮನಿರು ಮಾರಾಯ್ತಿ. ಇದು ಆಫೀಸಿನ ವಿಷಯ.”

“ಕೋಳಿ ಸಾಕಣೆ ಅಂತ ಉಂಟಲ್ಲ? ಮೊಟ್ಟೆಯ ಹೆಸರೆತ್ತಿದರೆ ಬಾಯಿ ತೊಳೆಯುವವರು ನೀವು. ನಿಮಗೆ ಕೋಳಿ ಗೊತ್ತುಂಟಾ?”

“ದೂರದಿಂದ ಗೊತ್ತುಂಟು.”

“ಅಕ್ಕಿ ಎಲ್ಲಿಂದ ಬರ್ತದೆ ಅಂತ ಕೇಳಿದ್ರೆ ಡಬ್ಬಿಯಿಂದ ಅನ್ನುವ ಜನ,” ಎಂದು ಅವಳು ಮೊರವನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನದಿಂದ ಉಳಿದ ಆರು ಫಾರಂಗಳ ಬೆನ್ನು ಹಿಡಿದೆ. ಮೊದಲು ಹೋದದ್ದು ಪುತ್ತಿಗೆಯ ಕಡೆಯ ಶಾಲೆಯ ಮಾಸ್ಟ್ರಲ್ಲಿಗೆ. ನನಗಿಂತ ಹದಿನೈದು ವರ್ಷ ದೊಡ್ಡವರು, ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಆರು ಗದ್ದೆಗಳನ್ನು ಸ್ವತಃ ಉತ್ತು ಬೆಳೆಯುವವರು. ಸುಗ್ಗಿಯ ಬೆಳೆಯ ಕಾಳು ಗಟ್ಟಿಯಾಗಿ ತೆನೆ ಬಾಗಿದ ದಿನಗಳು. ಅವರು ಅಡಿಕೆ ಹಾಳೆಯ ಟೊಪ್ಪಿ ಹಾಕಿಕೊಂಡು ಗದ್ದೆಯ ನಡುವೆ ನಿಂತಿದ್ದರು. ನಾನು ಚಪ್ಪಲಿ ಕಳಚದೆ, ಬಿಸಿಲಿಗೆ ಕೊಡೆ ಬಿಡಿಸಿಕೊಂಡು ಬದುವಿನ ಮೇಲೆ ನಿಂತೆ.

“ಬನ್ನಿ ಮಾಸ್ಟ್ರೆ, ಬನ್ನಿ. ಆಸರಿಗೆ ಎಂತಾದರೂ ಬೇಕಾ, ನೀರು, ಮಜ್ಜಿಗೆ?”

“ಬೇಡ. ಒಂದು ಫಾರಂ ಉಂಟು. ನಾನು ಓದ್ತೇನೆ, ನೀವು ಹೇಳಿ, ಗೀಟು ನಾನು ಹಾಕ್ತೇನೆ. ಮೊದಲನೆಯದು, ಬಿತ್ತನೆಯ ಬೀಜ ಆರಿಸುವುದು.”

“ನಮಗೆ ಎಂತ ಗೊತ್ತುಂಟು ಮಾಸ್ಟ್ರೆ! ಗೊತ್ತಿಲ್ಲ ಅಂತ ಬರೀರಿ.” ಹೀಗೆ ಹೇಳುತ್ತಲೇ ಅವರು ತೆನೆಯಿಂದ ಒಂದು ಕಾಳು ಕಿತ್ತು ಮುಂದಿನ ಹಲ್ಲಿನಲ್ಲಿ ಕಚ್ಚಿ ನೋಡಿದರು. “ಕೊಯ್ಲಿಗೆ ಇನ್ನು ಹನ್ನೊಂದು ದಿನ ಬೇಕು,” ಎಂದು ತಮ್ಮಷ್ಟಕ್ಕೇ ಅಂದುಕೊಂಡರು.

“ಎರಡನೆಯದು, ಹಸಿರೆಲೆ ಗೊಬ್ಬರ.”

“ಅದೂ ಗೊತ್ತಿಲ್ಲ.”

“ಮಾಸ್ಟ್ರೆ, ನೀವು ನಿಂತ ಗದ್ದೆಗೆ ಸೊಪ್ಪು ಹಾಕಿದ್ದು ಯಾರು ಮತ್ತೆ?”

“ಹಾಕಿದ್ದು ನಾನೇ. ಆದರೆ ಗೊತ್ತುಂಟು ಅಂತ ಹೇಳಲಿಕ್ಕೆ ಆಗ್ತದಾ? ಮುಂದೆ ಓದಿ, ಮುಂದೆ ಓದಿ.”

ಹನ್ನೆರಡಕ್ಕೂ ಅದೇ ಉತ್ತರ. ಕೀಟದ ಪ್ರಶ್ನೆಗೆ ಮಾತ್ರ ಬಾಯಿಯಲ್ಲಿ ಹೇಳದೆ ಕೈಯಾಡಿಸಿಬಿಟ್ಟರು. ಕೀಟದ ಹೆಸರನ್ನು ಗದ್ದೆಯಲ್ಲಿ ನಿಂತು ಎತ್ತುವುದಿಲ್ಲವಂತೆ. ಹೊರಡುವಾಗ ಒಂದು ಸೌತೆಕಾಯಿ ಕಿತ್ತು ನನ್ನ ಕೈಗಿತ್ತು, “ಒಳ್ಳೆಯ ತರಬೇತು ಮಾಡಿಸಿ ಮಾಸ್ಟ್ರೆ. ನಮ್ಮಂಥವರು ಕಲಿಯಲಿಕ್ಕೆ ಎಷ್ಟೋ ಉಂಟು,” ಎಂದರು.

ಉಳಿದವರಲ್ಲಿ ನಾಲ್ಕು ಮಂದಿಯೂ ಬೇಸಾಯದವರೇ. ಒಬ್ಬರು ಹಿತ್ತಲಿನ ತುಂಬ ಜೇನುಪೆಟ್ಟಿಗೆ ಇಟ್ಟಿದ್ದರು. ಜೇನು ಎಂಬಲ್ಲಿ ‘ಗೊತ್ತಿಲ್ಲ’ಕ್ಕೆ ಗೀಟು ಹಾಕಿ, ಅದೇ ಕೈಯಿಂದ ನನಗೆ ಒಂದು ಲೋಟ ಜೇನುನೀರು ಕೊಟ್ಟರು. ಇನ್ನೊಬ್ಬರ ಕಸಿಮಾವಿನ ನೆರಳಿನಲ್ಲೇ ಕೂತು ಕಸಿ ಗೊತ್ತಿಲ್ಲ ಎಂದು ಬರೆಸಿಕೊಂಡು ಬಂದೆ. ಆರನೆಯವರು ಹೊಸಂಗಡಿಯ ಕಡೆಯವರು, ಮೊದಲು ಡ್ರಿಲ್ ಮಾಸ್ಟ್ರಾಗಿದ್ದವರು, ಬೇಸಾಯದಲ್ಲಿ ನನ್ನ ಜಾತಿಗೇ ಸೇರಿದವರು. ಅವರು ಹನ್ನೊಂದು ಕಡೆ ‘ಚೆನ್ನಾಗಿ ಗೊತ್ತಿದೆ’ ಎಂದು ಗೀಟೆಳೆದು, ಜೇನಿನಲ್ಲಿ ಮಾತ್ರ ‘ಸ್ವಲ್ಪ’ ಎಂದು ಹಾಕಿದ್ದರು. “ಒಮ್ಮೆ ಕಚ್ಚಿಸಿಕೊಂಡಿದ್ದೇನೆ, ಅಷ್ಟು ಗೊತ್ತುಂಟು,” ಎಂದರು. ಏಳು ಫಾರಂಗಳಲ್ಲಿ ನಡುವಿನ ಮನೆಗೆ ಬಿದ್ದ ಗೀಟು ಅದೊಂದೇ. ಇಡೀ ಕಟ್ಟಿನಲ್ಲಿ ಸತ್ಯಕ್ಕೆ ಹತ್ತಿರದ ಗೀಟೂ ಅದೊಂದೇ.

ಮನೆಗೆ ಬಂದು ಏಳನ್ನೂ ಹರಡಿ ನೋಡಿದೆ. ಏನೂ ತಿಳಿಯದ ನಾವಿಬ್ಬರು ಪಂಡಿತರು. ಹುಟ್ಟಿನಿಂದ ಮಣ್ಣು ಮುಟ್ಟಿದ ಐವರು ಶುದ್ಧ ಅಜ್ಞಾನಿಗಳು. ಹೆಂಡತಿಗೆ ತೋರಿಸಿದರೆ ಅವಳಿಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ.

“ನಮ್ಮ ಅಪ್ಪನೂ ಹಾಗೆಯೇ. ಬೆಳೆಯ ವಿಷಯ ಗೊತ್ತುಂಟು ಅಂತ ಬಾಯಿಬಿಟ್ಟು ಹೇಳಲಿಕ್ಕಿಲ್ಲ. ಬೆಳೆಗೆ ಕಿವಿ ಉಂಟಂತೆ. ಗೊತ್ತುಂಟಾ ನಿನಗೆ, ಹಾಗಾದ್ರೆ ನೋಡು ಅಂತ ಆ ವರ್ಷವೇ ಕೈಕೊಟ್ಟು ತೋರಿಸ್ತದೆ.”

“ಹಾಗಾದರೆ ಈ ಫಾರಂ ಪೂರ್ತಿ ತಲೆಕೆಳಗು.”

“ಇನ್ಸ್‌ಪೆಕ್ಟರಿಗೆ ಒಂದು ಚೀಟಿ ಬರೀರಿ ಮತ್ತೆ. ಇದನ್ನು ತಲೆಕೆಳಗೆ ಹಿಡಿದು ಓದಿ ಅಂತ.”

ತಮಾಷೆಗೆ ಹೇಳಿದಳು. ಮಾಡಬೇಕಾದದ್ದೂ ಅದೇ ಆಗಿತ್ತು. ಆದರೆ ಅವರ ಫಾರಂ ತಲೆಕೆಳಗೆ ಎಂದು ಬರೆದರೆ ನನ್ನದೂ ತಲೆಕೆಳಗಾಗಬೇಕು. ಮೇಜಿನ ಮೇಲಿನ ಖಾಯಂ ಕಾಗದ ಅದರೊಂದಿಗೇ ಮಗುಚೀತು. ಎರಡು ದಿನ ಯೋಚಿಸಿದೆ. ಕಟ್ಟನ್ನು ಎರಡು ಸಲ ಬಿಚ್ಚಿ ಎರಡು ಸಲ ಕಟ್ಟಿದೆ. ಮೂರನೆಯ ದಿನ ಕಟ್ಟನ್ನು ಹಾಗೆಯೇ ಅಂಚೆಗೆ ಹಾಕಿಬಿಟ್ಟೆ.

ಬೇಸಗೆಯ ರಜೆಯಲ್ಲಿ ಉತ್ತರ ಬಂತು. ಶಾಲೆ ತೆರೆಯುವ ಮೊದಲು ನಮ್ಮ ಶಾಲೆಯಲ್ಲೇ ಮೂರು ದಿನದ ತರಬೇತು. ಕಲಿಯುವವರು, ಹನ್ನೆರಡು ವಿಷಯಗಳೂ ಗೊತ್ತಿಲ್ಲದ ಐವರು ಮಾಸ್ಟ್ರುಗಳು. ಕಲಿಸುವವನು, ಹನ್ನೆರಡೂ ಗೊತ್ತಿರುವ ಒಬ್ಬನೇ ಒಬ್ಬನು. ಡ್ರಿಲ್ ಮಾಸ್ಟ್ರು ಆ ಒಂದು ಜೇನಿನ ಕಡಿತದಿಂದ ಎರಡೂ ಕಡೆ ಪಾರಾಗಿದ್ದರು. ಕೊನೆಯ ಸಾಲಿನಲ್ಲಿ, ಮೂರನೆಯ ದಿನ ಇನ್ಸ್‌ಪೆಕ್ಟರರು ಖುದ್ದಾಗಿ ಬಂದು ನೋಡುವರು, ಕಲಿಸಿದವನ ಖಾಯಂ ವಿಚಾರವನ್ನು ಅಂದೇ ತೀರ್ಮಾನಿಸುವರು ಎಂದಿತ್ತು.

ಹೆಡ್‌ಮಾಸ್ಟ್ರು ನನ್ನ ಬೆನ್ನು ತಟ್ಟಿದರು. “ನಾನು ಅವತ್ತೇ ಕಾಲು ನೋಡಿಯೇ ಹೇಳಿದ್ದೆ,” ಎಂದರು.

ಮೊದಲನೆಯ ದಿನ ಐವರೂ ಒಗೆದ ಬಿಳಿ ವಸ್ತ್ರ ಉಟ್ಟು, ಹೆಗಲಿಗೆ ಬೈರಾಸು ಹಾಕಿಕೊಂಡು ಬಂದು ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತರು. ನಾನು ಇಲಾಖೆಯ ಕಿರುಹೊತ್ತಗೆಯಿಂದ ಗೊಬ್ಬರದ ಗುಂಡಿಯ ಉದ್ದ, ಅಗಲ, ಆಳ ಓದಿದೆ. ಅವರು ಬರೆದುಕೊಂಡರು. ಮುಖದಲ್ಲಿ ನಗೆಯ ಸುಳಿವು ಇಲ್ಲ. ಅದೇ ನನಗೆ ಹೆಚ್ಚು ಹಿಂಸೆಯಾಯಿತು. ನಡುವೆ ಜೇನಿನ ಮಾಸ್ಟ್ರು ಎದ್ದು ನಿಂತರು.

“ಒಂದು ಸಂಶಯ ಉಂಟು. ಗುಂಡಿಗೆ ಮಳೆಗಾಲದಲ್ಲಿ ನೀರು ತುಂಬಿದ್ರೆ ಎಂತ ಮಾಡುವುದು?”

ಹೊತ್ತಗೆಯಲ್ಲಿ ಮಳೆಗಾಲವೇ ಇರಲಿಲ್ಲ. ಅದನ್ನು ಬರೆದವರು ನಮ್ಮ ಕಡೆಯ ಆಷಾಢವನ್ನು ನೋಡಿದವರಲ್ಲವೆಂದು ಕಾಣುತ್ತದೆ. ನಾನು ಹಳೆಯ ಉಪಾಯಕ್ಕೇ ಶರಣಾದೆ. ಕೈ ಹಿಂದೆ ಕಟ್ಟಿಕೊಂಡು, “ಹೇಳಿ ನೋಡುವಾ, ನೀವಾದರೆ ಎಂತ ಮಾಡ್ತೀರಿ?” ಎಂದೆ.

ಐವರೂ ಮುಖ ಮುಖ ನೋಡಿಕೊಂಡರು. ಪುತ್ತಿಗೆಯವರು ಬಹಳ ಸಂಕೋಚದಿಂದ, “ನಮಗೆಂತ ಗೊತ್ತುಂಟು ಮಾಸ್ಟ್ರೆ. ಗುಂಡಿ ತೋಡದೆ, ನೆಲದ ಮೇಲೆಯೇ ರಾಶಿ ಹಾಕಿ ತೆಂಗಿನ ಮಡಲು ಮುಚ್ಚಿದ್ರೆ ಆದೀತೋ ಏನೋ,” ಎಂದರು.

“ಸರಿಯಾದ ಉತ್ತರ,” ಎಂದೆ. ಪಾಪ, ಅದನ್ನೂ ಬರೆದುಕೊಂಡರು.

ಇನ್ಸ್‌ಪೆಕ್ಟರರಿಗೆ ತೋರಿಸಲಿಕ್ಕೆ ಒಂದು ಪ್ರತ್ಯಕ್ಷ ಕೆಲಸ ಇರಬೇಕೆಂದು ಏಣೆಲು ಬೇಸಾಯಕ್ಕೆ, ಅಂದರೆ ಮಳೆಗಾಲದ ಬೆಳೆಗೆ, ಭತ್ತ ಮೊಳಕೆ ಬರಿಸುವುದನ್ನು ಆರಿಸಿಕೊಂಡಿದ್ದೆ. ಹಿಂದಿನ ದಿನವೇ ಬೀಜ ನೆನೆಹಾಕಿದ್ದೆ. ಮೊದಲನೆಯ ದಿನ ಸಂಜೆ ನೀರು ಬಸಿದು, ಬುಟ್ಟಿಗೆ ಬಾಳೆಯೆಲೆ ಹಾಸಿ ತುಂಬಿದೆ. ಇನ್ನು ಬೆಚ್ಚಗೆ ಇರಿಸಬೇಕು ಎಂದು ಹೊತ್ತಗೆ ಹೇಳುತ್ತಿತ್ತು. ಎಷ್ಟು ಬೆಚ್ಚಗೆ ಎಂದು ಹೇಳಿರಲಿಲ್ಲ. ಮೊಳಕೆ ಬಾರದೆ ಹೋದರೆ ಎಂಬ ಭಯಕ್ಕೆ ನಾನು ಒಂದು ಗೋಣಿ ಮುಚ್ಚಿದೆ. ಮನೆಗೆ ಹೊರಟವನು ಅರ್ಧದಾರಿಯಿಂದ ತಿರುಗಿ ಬಂದು ಇನ್ನೆರಡು ಗೋಣಿ ಮುಚ್ಚಿದೆ. ಮರುದಿನ ಮನೆಯಿಂದ ಕಂಬಳಿ ತಂದು ಹೊದೆಸಿ, ಮೇಲೊಂದು ಕಲ್ಲು ಇಟ್ಟೆ. ಅಟ್ಟದ ಮೇಲಿನ ಕಂಬಳಿ ಎಲ್ಲಿ ಎಂದು ಹೆಂಡತಿ ಕೇಳಿದಾಗ ವಿಷಯ ಹೇಳಬೇಕಾಯಿತು.

“ಭತ್ತಕ್ಕೆ ಕಂಬಳಿಯಾ! ಇನ್ನು ಶುಂಠಿ ಕಷಾಯ ಒಂದು ಬಾಕಿ. ಮಾಡಿಕೊಡ್ಲಾ?”

ಮೂರನೆಯ ದಿನ ಬೆಳಗ್ಗೆ ಇನ್ಸ್‌ಪೆಕ್ಟರರು ಬಂದರು. ಬಳ್ಳಾರಿಯ ಕಡೆಯವರು, ಎತ್ತರದ ಆಳು, ಜೋಳದ ಸೀಮೆಯ ಗಟ್ಟಿ ದನಿ. ನಮ್ಮ ಕಡೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಾನು ಕಲ್ಲು ಇಳಿಸಿ, ಕಂಬಳಿ ತೆಗೆದು, ಗೋಣಿಗಳನ್ನು ಒಂದೊಂದಾಗಿ ಎತ್ತಿದೆ. ಬುಟ್ಟಿಯಿಂದ ಹುಳಿ ವಾಸನೆಯ ಹಬೆ ಎದ್ದು ಮುಖಕ್ಕೆ ಬಡಿಯಿತು.

“ಏನ್ರಿ ಮಾಸ್ತರ, ಅನ್ನ ಮಾಡಿಟ್ಟೀರೇನು?” ಎಂದರು ಇನ್ಸ್‌ಪೆಕ್ಟರರು.

ಖಾಯಂ ಹೋಯಿತು, ಎರಡು ಮಕ್ಕಳನ್ನು ಕಟ್ಟಿಕೊಂಡು ಮಾವನ ಮನೆಯ ಜಗಲಿಯೇ ಗತಿ ಎಂದು, ಮಾವ ಆ ಜಗಲಿಯಲ್ಲಿ ನನ್ನನ್ನು ಯಾವ ಮೂಲೆಗೆ ಕೂರಿಸುವರು ಎಂಬವರೆಗೆ ಯೋಚನೆ ಹೋಯಿತು. ಅಷ್ಟರಲ್ಲಿ ಪುತ್ತಿಗೆಯವರು ಬೆಂಚಿನಿಂದ ಎದ್ದು ಬಂದು ಬುಟ್ಟಿಯೊಳಗೆ ಮೊಣಕೈಯವರೆಗೆ ಕೈ ಇಳಿಸಿದರು. ಕಣ್ಣು ಮುಚ್ಚಿಕೊಂಡು ಒಂದು ಗಳಿಗೆ ನಿಂತರು.

“ಜ್ವರ ಬಂದಿದೆ,” ಎಂದರು. “ನಡುವಿನದ್ದು ಹೋಯಿತು. ಅಂಚಿನದ್ದು ಉಳೀತದೆ. ಚಾಪೆ ತನ್ನಿ.”

ಆಮೇಲೆ ಯಾರೂ ಯಾರನ್ನೂ ಕೇಳಲಿಲ್ಲ. ಒಬ್ಬರು ಚಾಪೆ ಹಾಸಿದರು. ಒಬ್ಬರು ಬಾವಿಯಿಂದ ನೀರು ಸೇದಿದರು. ಜೇನಿನವರು ಹಿತ್ತಲಿಗೆ ಹೋಗಿ ಹೊಸ ಬಾಳೆಯೆಲೆ ಕೊಯ್ದು ತಂದರು. ಪುತ್ತಿಗೆಯವರು ಬೀಜವನ್ನು ಚಾಪೆಯ ಮೇಲೆ ಸುರಿದು, ಮೂಗಿಗೆ ಹಿಡಿದು ಹಿಡಿದು ಕೆಟ್ಟದ್ದನ್ನು ಬೇರೆ ಮಾಡಿದರು. ಉಳಿದದ್ದನ್ನು ತೆಳ್ಳಗೆ ಹರಡಿ ನೀರು ಚಿಮುಕಿಸಿ, ಬಿಸಿ ಆರಿದ ಮೇಲೆ ಮತ್ತೆ ಸಡಿಲವಾಗಿ ತುಂಬಿ ಎಲೆ ಮುಚ್ಚಿದರು. ಕಂಬಳಿಯನ್ನು ಕೊಡವಿ, ಮಡಚಿ, ಗೌರವದಿಂದ ನನ್ನ ಕುರ್ಚಿಯ ಮೇಲೆ ಇಟ್ಟರು.

ಇನ್ಸ್‌ಪೆಕ್ಟರರು ಕಣ್ಣರಳಿಸಿ ನೋಡುತ್ತಿದ್ದರು. “ಒಳಗ ಕೆಟ್ಟೈತಿ ಅಂತ ನಿಮಗ ಹೆಂಗ ಗೊತ್ತಾತು?”

“ನಮಗೆ ಎಂತದೂ ಗೊತ್ತಿಲ್ಲ ಸ್ವಾಮಿ. ಕೈಗೆ ಬಿಸಿ ತಾಗಿತು, ಅಷ್ಟೇ.”

“ಮತ್ತ, ಇಷ್ಟ ನೀರು ಸಾಕು ಅನ್ನೋದು?”

“ಅದೂ ಗೊತ್ತಿಲ್ಲ.”

ಅವರು ಜೇನಿನವರ ಕಡೆಗೆ ತಿರುಗಿದರು. “ನಿಮಗ?”

“ನಮಗೆ ಮೊದಲೇ ಗೊತ್ತಿಲ್ಲ.”

ಇನ್ಸ್‌ಪೆಕ್ಟರರು ಕೈಚೀಲದಿಂದ ನಾನು ಕಳುಹಿಸಿದ್ದ ಫಾರಂಗಳನ್ನು ತೆಗೆದರು. ಒಂದೊಂದೇ ಹಾಳೆ ಮಗುಚುತ್ತಾ ಆ ಐವರ ಮುಖ ನೋಡಿದರು, ಬುಟ್ಟಿ ನೋಡಿದರು, ಮತ್ತೆ ಹಾಳೆ ನೋಡಿದರು. ಮೆಲ್ಲಗೆ ನಗೆ ಹುಟ್ಟಿ, ಬೆಳೆದು, ಹೊಟ್ಟೆ ಕುಲುಕಾಡತೊಡಗಿತು.

“ಆಹಾ! ಈಗ ತಿಳೀತ್ರಿ. ನಮ್ಮ ಕಡೆ ಗೊತ್ತೈತಿ ಅಂದ್ರ ಗೊತ್ತೈತಿ, ಇಲ್ಲ ಅಂದ್ರ ಇಲ್ಲ. ನಿಮ್ಮ ಊರಾಗ ಬಲ್ಲವ್ರು ಗೊತ್ತಿಲ್ಲ ಅಂತಾರ!” ಎಂದರು. “ಇರ್ಲಿ, ಇದನ್ನೆಲ್ಲಾ ಇವ್ರಿಗೆ ಕಲಿಸಿದವ್ರು ಯಾರು?”

ಪುತ್ತಿಗೆಯವರು ರೆಪ್ಪೆ ಬಡಿಯದೆ ನನ್ನನ್ನು ತೋರಿಸಿದರು. “ಮಾಸ್ಟ್ರು ಸ್ವಾಮಿ. ಬೀಜಕ್ಕೆ ಜ್ವರ ಬಂದ್ರೆ ಎಂತ ಮಾಡ್ತೀರಿ ಅಂತ ನೋಡಲಿಕ್ಕೆ ಬೇಕೆಂದೇ ಬಿಸಿ ಮಾಡಿ ಇಟ್ಟದ್ದು. ಪರೀಕ್ಷೆ.”

ಐವರೂ ತಲೆಯಾಡಿಸಿದರು. ನನ್ನ ಕೆಲಸದ ವಿಷಯ ಅವರಿಗೆ ಯಾರು ಹೇಳಿದ್ದರೋ ಗೊತ್ತಿಲ್ಲ, ಹೆಡ್‌ಮಾಸ್ಟ್ರೇ ಇರಬೇಕು. ಕೈಯ ನೀರನ್ನೂ ಒರಸಿಕೊಳ್ಳದೆ ನಿಂತ ಆ ಹಿರಿಯರು ನನಗಾಗಿ ಇಷ್ಟು ದೊಡ್ಡ ಸುಳ್ಳನ್ನು ಇಷ್ಟು ಸಲೀಸಾಗಿ ಹೇಳಿದ್ದು ನೋಡಿ ನನಗೆ ತಡೆಯಲಾಗಲಿಲ್ಲ. ಹುಟ್ಟಾ ಹೆದರುಪುಕ್ಕಲನಿಗೆ ವರ್ಷಕ್ಕೊಮ್ಮೆ ಬರುವ ಧೈರ್ಯ ಅದೇ ಗಳಿಗೆಗೆ ಬಂತು.

“ಸಾರ್,” ಎಂದೆ. “ಪರೀಕ್ಷೆಯೂ ಅಲ್ಲ, ಎಂತದೂ ಅಲ್ಲ. ನನಗೆ ಬೇಸಾಯ ಗೊತ್ತೇ ಇಲ್ಲ. ಬೀಜ ಹಾಳು ಮಾಡಿದ್ದು ನಾನು, ಉಳಿಸಿದ್ದು ಇವರು. ಫಾರಂನಲ್ಲಿ ನಾನು ಬರೆದದ್ದು ಸುಳ್ಳು. ಹನ್ನೆರಡರಲ್ಲಿ ಒಂದೂ ಗೊತ್ತಿಲ್ಲ. ತರಬೇತು ಬೇಕಾದದ್ದು ನನಗೆ.”

ಹೆಡ್‌ಮಾಸ್ಟ್ರು ಕನ್ನಡಕ ತೆಗೆದು ಒರಸತೊಡಗಿದರು. ಪುತ್ತಿಗೆಯವರು ‘ಇವನಿಗೆಂತ ಮರುಳಾ’ ಎಂಬಂತೆ ನನ್ನನ್ನು ನೋಡಿದರು.

ಇನ್ಸ್‌ಪೆಕ್ಟರರು ನನ್ನನ್ನೇ ದಿಟ್ಟಿಸಿದರು. ಆಮೇಲೆ ಮಾಡಿನ ಹಂಚು ಹಾರುವ ಹಾಗೆ ನಕ್ಕರು.

“ನೀವೂ ಸುರು ಮಾಡಿದ್ರೇನು! ಈ ಊರಿನ ನೀರು ಕುಡಿದವ್ರೆಲ್ಲಾ ಹಿಂಗ ಆಗ್ತೀರಿ. ಒಂದೂ ಗೊತ್ತಿಲ್ಲಂತ! ಇಷ್ಟು ವಿನಯ ಇರೋ ಮಾಸ್ತರನ್ನ ನಾ ಕಂಡಿಲ್ಲ ಬಿಡ್ರಿ.”

“ಇಲ್ಲ ಸಾರ್, ವಿನಯ ಅಲ್ಲ, ನಿಜವಾಗಿಯೂ...”

“ಸಾಕ್ರಿ, ಸಾಕು,” ಎಂದು ನನ್ನ ಭುಜ ಹಿಡಿದು ಅಲುಗಿಸಿದರು. ನಾನು ಹೇಳಿದಷ್ಟೂ ಅವರ ನಂಬಿಕೆ ಗಟ್ಟಿಯಾಯಿತು. ಕೊನೆಗೆ ಒಂದು ಹಾಳೆಯಲ್ಲಿ ‘ನನಗೆ ಹನ್ನೆರಡು ವಿಷಯಗಳಲ್ಲೂ ತರಬೇತು ಬೇಕು’ ಎಂದು ಬರೆದು ಸಹಿ ಹಾಕಿ ಅವರ ಕೈಗೇ ಕೊಟ್ಟೆ. ಅವರು ಅದನ್ನು ಓದಿ, ಉಳಿದ ಐವರ ಫಾರಂಗಳ ಮೇಲೆಯೇ ಇಟ್ಟುಕೊಂಡು, “ಈಗ ಸರಿ ಆತು ನೋಡ್ರಿ,” ಎಂದರು.

ಮಳೆ ಹಿಡಿದು ಎರಡು ವಾರವಾಗಿರಬೇಕು, ಖಾಯಂ ಆದ ಕಾಗದ ಬಂತು. ಹೆಂಡತಿ ಅದನ್ನು ದೇವರ ಮುಂದಿಟ್ಟು, ಅದಕ್ಕೆ ಕುಂಕುಮ ಹಚ್ಚಲು ಹೋಗಿ, ಸರ್ಕಾರದ ಮೊಹರಿನ ಮೇಲೆ ಬಿದ್ದೀತೆಂದು ಕೈ ಹಿಂದಕ್ಕೆ ತೆಗೆದಳು. ನನಗೆ ಸಂತೋಷವಾಯಿತು, ಅರ್ಧ ದಿನದ ಮಟ್ಟಿಗೆ. ಮಧ್ಯಾಹ್ನ ಊಟವಾದ ಮೇಲೆ ಹೊಸ ಚಿಂತೆ ಹಿಡಿಯಿತು. ಮೊದಲು ಸುಳ್ಳು ಬರೆದೆ, ನಂಬಿದರು. ಆಮೇಲೆ ಸತ್ಯ ಹೇಳಿದೆ, ಅದಕ್ಕೆ ಖಾಯಂ ಮಾಡಿದರು. ಇದು ಹೇಗೆ ನ್ಯಾಯ? ಇನ್ನೊಮ್ಮೆ ವಿವರವಾಗಿ ಒಂದು ಕಾಗದ ಬರೆದು ತಿಳಿಸುವುದು ಒಳ್ಳೆಯದಲ್ಲವೇ?

“ಬರೀರಿ, ಬರೀರಿ,” ಎಂದಳು ಹೆಂಡತಿ. “ಇನ್ನೊಂದು ಸಲ ಗೊತ್ತಿಲ್ಲ ಅಂತ ಬರೆದ್ರೆ ನಿಮ್ಮನ್ನು ಇನ್ಸ್‌ಪೆಕ್ಟರೇ ಮಾಡಿಯಾರು.”

ಕಾಗದ ಬರೆಯಲಿಲ್ಲ. ಭಾನುವಾರ ಬೆಳಗ್ಗೆ ಹೊಳೆ ದಾಟಿ ಪುತ್ತಿಗೆಗೆ ಹೋದೆ. ಅವರ ಗದ್ದೆಯಲ್ಲಿ ನೇಜಿ ನೆಡುವ ಕೆಲಸ ನಡೆದಿತ್ತು. ಏಳೆಂಟು ಹೆಂಗಸರು ಸಾಲಾಗಿ ಬಗ್ಗಿ, ಎಳೆಯ ಪೈರನ್ನು ಕೆಸರಿಗೆ ಊರುತ್ತಾ ಹಿಂದೆ ಹಿಂದೆ ಸರಿಯುತ್ತಿದ್ದರು. ಮಾಸ್ಟ್ರು ನನ್ನನ್ನು ನೋಡಿ ಬದುವಿನ ಹತ್ತಿರ ಬಂದರು. ಒಂದು ಕಟ್ಟು ನೇಜಿ ಕೈಗೆ ಕೊಟ್ಟು, “ಮೊದಲು ಬಗ್ಗಲಿಕ್ಕೆ ಕಲಿಯಿರಿ. ಉಳಿದದ್ದು ಆಮೇಲೆ,” ಎಂದರು.

ಬಗ್ಗಿದೆ. ಹತ್ತು ಗಂಟೆಯ ಹೊತ್ತಿಗೆ ಒಂದು ಸಾಲು ಮುಗಿಯಿತು. ಸಾಲು ಎನ್ನುವುದು ನನ್ನ ಮಾತು. ಹೆಂಗಸರು ಅದಕ್ಕೆ ತುಳುವಿನಲ್ಲಿ ಬೇರೆಯೇ ಏನೋ ಹೇಳಿ ನಕ್ಕರು. ಸೊಂಟ ನೆಟ್ಟಗಾಗದೆ ಬದುವಿಗೆ ಹತ್ತಿ, ಬೆಲ್ಲ ಕಚ್ಚಿಕೊಂಡು ಒಂದು ಚೆಂಬು ನೀರು ಕುಡಿದೆ. ತಿರುಗಿ ನೋಡಿದರೆ ಇಬ್ಬರು ಹೆಂಗಸರು ನಾನು ನೆಟ್ಟದ್ದನ್ನೆಲ್ಲ ಗುಟ್ಟಾಗಿ ಕಿತ್ತು ಮತ್ತೆ ನೆಡುತ್ತಿದ್ದರು. ಮಾಸ್ಟ್ರು ಬೇರೆ ಕಡೆ ಮುಖ ಮಾಡಿ ಆಕಾಶ ನೋಡುತ್ತಿದ್ದರು. ಆ ಹೆಂಗಸರು ಮುಗಿಸುವವರೆಗೆ ನಾನು ಇನ್ನೊಂದು ಚೆಂಬು ನೀರು ಕುಡಿದೆ. ಆಮೇಲೆ ಏನೂ ಕಾಣದವನ ಹಾಗೆ ಕೆಳಗಿಳಿದು, ಪಕ್ಕದ ಸಾಲಿಗೆ ಬಗ್ಗಿದೆ.